ಅಪ್‌ಡೇಟ್: ಕರಿ ನಾಯಿಯ ಮುಖ ಈಗ ಚೆನ್ನಾಗಿ ಬರುತ್ತಿದೆ

ನಮ್ಮ ಕರಿ ನಾಯಿಯ ಮುಖ ಫೋಟೊದಲ್ಲಿ ಬರೀ ಕಪ್ಪು ಮುದ್ದೆಯ ಹಾಗೆ ಕಾಣುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ನೀವು ಹೇಳಿದ್ದು ಕೆಲಸ ಮಾಡಿತು, ತುಂಬಾ ಥ್ಯಾಂಕ್ಸ್!

ಜಾಸ್ತಿ ವ್ಯತ್ಯಾಸ ತಂದಿದ್ದು ಬೆಳಕು. ಮಧ್ಯಾಹ್ನದ ಬಿಸಿಲು ಬಿಟ್ಟು, ಜಗಲಿಯ ನೆರಳಲ್ಲಿ ಅಂಗಳದ ಕಡೆ ಮುಖ ಮಾಡಿ ಕೂರಿಸಿದೆ. ಕಣ್ಣಲ್ಲಿ ಬಿಳಿ ಹೊಳಪು ಬಂತು, ಹುಬ್ಬಿನ ಕೂದಲು ಒಂದೊಂದೂ ಬಿಡಿಬಿಡಿಯಾಗಿ ಕಂಡಿತು. ಎಷ್ಟು ಖುಷಿಯಾಯಿತು ಗೊತ್ತಾ!

ನೆಲದ ಮೇಲೆ ಮಲಗಿ ಅವನ ಕಣ್ಣಿನ ಮಟ್ಟದಲ್ಲೇ ತೆಗೆದೆ. ಲೆನ್ಸ್‌ನ ಕಿಂಡಿ ಅಗಲವಾಗಿ ತೆರೆಯುವ ಎಫ್/1.8ರಲ್ಲಿ ಕಣ್ಣು ಸ್ಪಷ್ಟ, ಮೂಗು ಮಸುಕು. ಕಿಂಡಿ ಚಿಕ್ಕದಾಗುವ ಎಫ್/4ರಲ್ಲಿ ಎರಡೂ ಸರಿಹೋದವು. ಶಟರ್ ತೆರೆದಿರುವ ಹೊತ್ತು ಸೆಕೆಂಡಿನ 1/500 ಭಾಗ. ಕಪ್ಪು ಮೈಯನ್ನು ಕ್ಯಾಮೆರಾ ಬೂದು ಮಾಡಲು ನೋಡುತ್ತದೆ ಅಲ್ವಾ, ಅದಕ್ಕೆ ಎಕ್ಸ್‌ಪೋಶರ್ (ಫೋಟೊಗೆ ಬೀಳುವ ಬೆಳಕು) ಸ್ವಲ್ಪ ತಗ್ಗಿಸಿ ಮೈನಸ್ 0.7 ಇಟ್ಟೆ. ಬಿಸ್ಕತ್ತನ್ನು ಲೆನ್ಸ್ ಪಕ್ಕದಲ್ಲೇ ಹಿಡಿದರೆ ನೇರ ನೋಡುತ್ತಾನೆ.

ಇನ್ನು ಅವನು ಓಡುವಾಗ ತೆಗೆಯಬೇಕು.