ಸಹಾಯ ಬೇಕು: ಸ್ಲ್ಯಾಕ್‌ಗೆ ದಿನಕ್ಕೆ ಒಂದೇ ಡಾಕ್ಯುಮೆಂಟ್ ಅಪ್‌ಡೇಟ್ ಸಾಕು

ನಮಸ್ಕಾರ. ಶಿರಸಿಯಲ್ಲಿ ನಮ್ಮದೊಂದು ಸಣ್ಣ ಟೀಮ್, ಅಡಿಕೆ ವ್ಯಾಪಾರದ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಬಳಕೆಯ ಕೈಪಿಡಿ ಗಿಟ್‌ಹಬ್‌ನಲ್ಲಿದೆ (ಕೋಡ್ ಇಟ್ಟು, ಬದಲಾವಣೆಗಳ ದಾಖಲೆ ಉಳಿಸುವ ತಾಣ). ಅದನ್ನು ಯಾರಾದರೂ ತಿದ್ದಿದರೆ ಟೀಮಿನ ಚಾಟ್ ಆ್ಯಪ್ ಸ್ಲ್ಯಾಕ್‌ನ ಚಾನೆಲ್‌ಗೆ ತಾನಾಗಿಯೇ ಮೆಸೇಜ್ ಬರಲಿ ಅಂತ ಇನ್‌ಕಮಿಂಗ್ ವೆಬ್‌ಹುಕ್ (ಹೊರಗಿನಿಂದ ಚಾನೆಲ್‌ಗೆ ಮೆಸೇಜ್ ಹಾಕಲು ಸ್ಲ್ಯಾಕ್ ಕೊಡುವ ಯುಆರ್‌ಎಲ್) ಮಾಡಿದ್ದೇವೆ. ಯುಆರ್‌ಎಲ್ ಅನ್ನು ರೆಪೊದ (ಗಿಟ್‌ಹಬ್‌ನ ನಮ್ಮ ಫೋಲ್ಡರ್) ಸೀಕ್ರೆಟ್ಸ್‌ನಲ್ಲಿ ಗುಟ್ಟಾಗಿಟ್ಟು, ಕೆಲಸಗಳನ್ನು ತಾನಾಗಿಯೇ ಓಡಿಸುವ ಗಿಟ್‌ಹಬ್ ಆಕ್ಷನ್ಸ್‌ನಿಂದ ಮೆಸೇಜ್ ಕಳಿಸುತ್ತೇವೆ.

ಮೆಸೇಜೇನೋ ಬರುತ್ತದೆ. ಜಾಸ್ತಿಯೇ ಬರುತ್ತದೆ, ಅದೇ ಗೋಳು! ಕೈಪಿಡಿಯ ಫೈಲು ಬದಲಾದರೆ ಮಾತ್ರ ಓಡುವಂತೆ ಪಾತ್ಸ್ ಫಿಲ್ಟರ್ ಹಾಕಿದ ಮೇಲೆ ಕೋಡ್ ಬದಲಾವಣೆಯ ಗದ್ದಲ ನಿಂತಿತು. ಆದರೆ ಅಡಿಕೆಯ ಒಂದು ಬಗೆಯ ಹೆಸರು ‘ಕೆಂಪಗೋಟು’ ಅಂತಿದ್ದದ್ದನ್ನು ‘ಕೆಂಪುಗೋಟು’ ಮಾಡಿದರೂ ಟಿಂಗ್. ಕಾರವಾರದಿಂದ ಕೆಲಸ ಮಾಡುವವರು ಚಾನೆಲ್ಲನ್ನೇ ಮ್ಯೂಟ್ ಮಾಡಿಬಿಟ್ಟಿದ್ದಾರೆ.

ದಿನದ ಬದಲಾವಣೆ ಎಲ್ಲ ಸೇರಿಸಿ ಬೆಳಿಗ್ಗೆ 9ಕ್ಕೆ ಒಂದೇ ಮೆಸೇಜ್ ಸಾಕು. ಕ್ರಾನ್‌ನಲ್ಲಿ (ಓಡುವ ಸಮಯ ಬರೆಯುವ ಸಾಲು) ಯುಟಿಸಿ 3:30 ಕೊಟ್ಟರಾಯಿತು, ಅದು ಗೊತ್ತು. ಹೀಗೆ ಸಮಯಕ್ಕೆ ಓಡಿಸುವ ಶೆಡ್ಯೂಲ್‌ನಲ್ಲಿ ಪಾತ್ಸ್ ಫಿಲ್ಟರ್ ನಡೆಯುವುದಿಲ್ಲ ಅಲ್ವಾ? ಹಾಗಾದರೆ ಗಿಟ್ ಲಾಗ್‌ನಿಂದ (ಬದಲಾವಣೆಗಳ ಪಟ್ಟಿ) 24 ಗಂಟೆಯ ಕಮಿಟ್, ಅಂದರೆ ಉಳಿಸಿದ ಬದಲಾವಣೆ, ತೆಗೆಯುವುದೇ ದಾರಿಯೋ? ಏನೂ ಬದಲಾಗದ ದಿನ ಸುಮ್ನೆ ಖಾಲಿ ಮೆಸೇಜ್ ಹೋಗಬಾರದು. ಮಾಡಿದವರಿದ್ದರೆ ಆಕ್ಷನ್ಸ್‌ನ ಸೆಟ್ಟಿಂಗ್ ಬರೆಯುವ ವೈಎಎಂಎಲ್ ಫೈಲ್ ತೋರಿಸಿ ಮಾರಾಯ್ರೆ.