ಮಕ್ಕಳನ್ನು ಬಣ್ಣ ನೋಡಿ ಬೇರೆ ಕೂರಿಸಬಹುದಾ?

ಹೊಸಮನೆ ಬಳಗ, ಭಾನುವಾರ

ಸುಷ್ಮಾ (ಲಂಡನ್): ಈ ವಿಡಿಯೊ ಎಲ್ಲರೂ ನೋಡಿ. 2020ರಲ್ಲಿ ಇಲ್ಲಿನ ಟಿವಿ ಚಾನೆಲ್ 4ರಲ್ಲಿ ಬಂದ ‘ದಿ ಸ್ಕೂಲ್ ದಟ್ ಟ್ರೈಡ್ ಟು ಎಂಡ್ ರೇಸಿಸಂ’, ಅಂದರೆ ಜನಾಂಗ ಭೇದ ಕೊನೆಗಾಣಿಸಲು ಹೊರಟ ಶಾಲೆ. ಲಂಡನ್ನಿನ ಸಟ್ಟನ್‌ನ ಗ್ಲೆಂಥಾರ್ನ್ ಶಾಲೆಯ ಮಕ್ಕಳು, 11–12 ವರ್ಷ. ನಮ್ಮ ಚಿರು ವಯಸ್ಸಿನವರೇ.

ದೊಡ್ಡಪ್ಪ: ನೋಡಿದೆ ಪುಟ್ಟಿ. ಬಿಳಿ ಮಕ್ಕಳನ್ನು ಒಂದು ಕೋಣೆಗೆ, ಉಳಿದವರನ್ನು ಇನ್ನೊಂದು ಕೋಣೆಗೆ ಕಳಿಸಿದ್ದಾರೆ. ಇದು ಪಾಠವಾ? ನಾನು 31 ವರ್ಷ ಮೇಷ್ಟ್ರಾಗಿದ್ದವನು. ಮೊದಲು ಹೋದ ಊರಲ್ಲಿ ಕೇರಿಯ ಮಕ್ಕಳು ಹಿಂದೆ ಗೋಡೆಗೆ ಒರಗಿ ಕೂರುತ್ತಿದ್ದವು. ಅವರನ್ನು ಮುಂದಕ್ಕೆ ಕರೆದದ್ದಕ್ಕೆ ಊರಿನ ಹಿರಿಯರು ಶಾಲೆಗೇ ಬಂದು ಜಗಳ ಆಡಿದರು. ಬೇರೆ ಕೂರಿಸುವುದು ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚಿಕ್ಕಮ್ಮ (ಮಂಗಳೂರು): ಭಾವ ಹೇಳಿದ್ದು ಸರಿ. ಅದೂ ಯಾವ ಚಾನೆಲ್ ಮಾರಾಯ್ತಿ? 2007ರಲ್ಲಿ ನಮ್ಮ ಶಿಲ್ಪಾ ಶೆಟ್ಟಿಯನ್ನು ನಮ್ಮ ಬಿಗ್ ಬಾಸ್ ತರಹದ ಬಿಗ್ ಬ್ರದರ್ ಮನೆಯಲ್ಲಿ ಆಡಿಕೊಂಡದ್ದನ್ನು ದಿನಾ ತೋರಿಸಿದ್ದು ಇದೇ ಚಾನೆಲ್ 4 ಅಲ್ವಾ? ಅವಳ ಮಾತು, ಅಡುಗೆ, ಹೆಸರು, ಎಲ್ಲಕ್ಕೂ ಕೊಂಕು. ಅವಳು ಅತ್ತಷ್ಟೂ ಇವರಿಗೆ ನೋಡುಗರು ಜಾಸ್ತಿ.

ಸುಷ್ಮಾ: ಹೌದು ಚಿಕ್ಕಮ್ಮ. 44,000ಕ್ಕೂ ಹೆಚ್ಚು ದೂರು ಹೋಗಿತ್ತು. ಆಗ ಚಾನೆಲ್‌ನವರು ಮೊದಲು ಏನಂದರು ಗೊತ್ತಾ? ಇದು ಜನಾಂಗದ ವಿಷಯ ಅಲ್ಲ, ಸಂಸ್ಕೃತಿಯ ಜಗಳ ಅಂದರು. ನನಗೆ ಸಿಟ್ಟು ಬರುವುದು ಅಲ್ಲೇ. ಕಣ್ಣೆದುರು ನಡೆದರೂ ಹೆಸರು ಹೇಳುವುದಿಲ್ಲ.

ಈ ಶಾಲೆಯಲ್ಲಿ ಹೆಸರು ಹೇಳಿಸಿದರು. ದೊಡ್ಡಪ್ಪ, ನೀವು ಕೋಣೆ ಮಾತ್ರ ನೋಡಿದಿರಿ, ಒಳಗಿನ ಮಾತು ಕೇಳಿ. ಬಿಳಿ ಮಕ್ಕಳಿಗೆ ನಿಮ್ಮ ಜನಾಂಗದ ಬಗ್ಗೆ ಮಾತಾಡಿ ಅಂದರೆ ಮಾತೇ ಹೊರಡುವುದಿಲ್ಲ. ಆ ಕಡೆ ಕಪ್ಪು, ಏಷ್ಯಾ ಮೂಲದ ಮಕ್ಕಳ ಕೋಣೆಯಲ್ಲಿ ಗಲಗಲ ಮಾತು. ಇಷ್ಟು ದಿನ ಒಂದೇ ಬೆಂಚಲ್ಲಿ ಕೂತು ಈ ಮಕ್ಕಳು ಎಷ್ಟು ನುಂಗಿಕೊಂಡಿದ್ದವು! ಆಮೇಲೆ ಓಟದ ಪಂದ್ಯ. ಓಡುವ ಮೊದಲೇ ಬಣ್ಣ, ಮೂಲದ ಬಗ್ಗೆ ಪ್ರಶ್ನೆಗಳು. ಉತ್ತರ ನೋಡಿ ಒಂದು ಹೆಜ್ಜೆ ಮುಂದೆ, ಇಲ್ಲಾ ಹಿಂದೆ. ಪಂದ್ಯ ಶುರುವಾಗುವಾಗ ಯಾರು ಎಲ್ಲಿ ನಿಂತಿದ್ದಾರೆ ಅಂತ ಮಕ್ಕಳೇ ತಿರುಗಿ ನೋಡಿದರು. ನನಗೆ ಅಳು ಬಂತು. ಚಿರುಗೆ ಕ್ಲಾಸಲ್ಲಿ ಕರಿ ಹುಡುಗ ಅಂತ ಕರೆದಾಗ ಅವನು ನಾಲ್ಕು ತಿಂಗಳು ನಮಗೆ ಹೇಳಿರಲಿಲ್ಲ.

ಪ್ರಶಾಂತ (ಬೆಂಗಳೂರು): ಅಯ್ಯೋ ಅಕ್ಕ, ಇದು ನಮಗೆ ಗೊತ್ತೇ ಇರಲಿಲ್ಲ. ಆದರೂ ಒಂದು ಮಾತು. ಶುರುವಿನಲ್ಲಿ ಮುಖಗಳ ಜೊತೆ ಒಳ್ಳೆಯ, ಕೆಟ್ಟ ಪದಗಳನ್ನು ಬೇಗ ಬೇಗ ಜೋಡಿಸುವ ಕಂಪ್ಯೂಟರ್ ಪರೀಕ್ಷೆ ಇದೆಯಲ್ಲ, ಅದರ ಬಗ್ಗೆ ಮನಶ್ಶಾಸ್ತ್ರದವರಲ್ಲೇ ತಕರಾರಿದೆ. ಮೂರು ವಾರದ ಕೊನೆಗೆ ಅಂಕ ಬದಲಾಯಿತು ಅಂದ ಮಾತ್ರಕ್ಕೆ ಮನಸ್ಸು ಬದಲಾಯಿತು ಅನ್ನಲು ಆಗುವುದಿಲ್ಲ.

ಸುಷ್ಮಾ: ಅಂಕ ಬಿಡು. ಆ ಮಾತುಕತೆ ನಡೆಯಿತಲ್ಲ, ನನಗೆ ಅದು ಸಾಕು.

ದೊಡ್ಡಪ್ಪ: ಚಿರು ವಿಷಯ ಕೇಳಿ ಸಂಕಟ ಆಯಿತು. ಆದರೂ ಹೇಳುತ್ತೇನೆ. ಅಪ್ಪ ಒಂದು ಬಣ್ಣ, ಅಮ್ಮ ಒಂದು ಬಣ್ಣ ಇರುವ ಆ ಹುಡುಗಿ ಯಾವ ಕೋಣೆಗೆ ಹೋಗಲಿ ಅಂತ ಒದ್ದಾಡಿದಳಲ್ಲ. ಆ ಪ್ರಶ್ನೆಯನ್ನು ಮಗುವಿನ ತಲೆ ಮೇಲೆ ಹಾಕಿದ್ದು ಯಾರು? ಟಿವಿಯವರು. ಅದೂ ಊರೆಲ್ಲ ನೋಡುವ ಹಾಗೆ.

ಸುಷ್ಮಾ: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ದೊಡ್ಡಪ್ಪ. ಕ್ಯಾಮೆರಾ ಇಲ್ಲದೆ ಮಾಡಬಹುದಿತ್ತು.

ಪ್ರಶಾಂತ: ಅಪ್ಪ, ಬೇಜಾರು ಮಾಡಿಕೊಳ್ಳಬೇಡಿ. ಹೋದ ತಿಂಗಳು ಮಹಡಿ ಮನೆ ಕೇಳಿಕೊಂಡು ತಾಂಜಾನಿಯಾದ ವಿದ್ಯಾರ್ಥಿ ಬಂದಿದ್ದ. ಫೋನಿನಲ್ಲಿ ಖಾಲಿ ಇದೆ ಅಂದಿದ್ದಿರಿ. ಗೇಟ್ ಹತ್ತಿರ ಅವನನ್ನು ನೋಡಿದ ಮೇಲೆ ಬೇರೆಯವರಿಗೆ ಮಾತಾಗಿದೆ ಅಂದಿರಿ. ಮನೆ ಇವತ್ತೂ ಖಾಲಿ ಇದೆ. ಬಾಗಿಲಲ್ಲೇ ನಿಂತಿದ್ದ ನಾನೂ ಬಾಯಿ ಬಿಡಲಿಲ್ಲ.

ಚಿಕ್ಕಮ್ಮ: ಪ್ರಶಾಂತ, ಇದನ್ನೆಲ್ಲ ಗುಂಪಿನಲ್ಲಿ ಹೇಳಬೇಕಿತ್ತಾ?

ದೊಡ್ಡಪ್ಪ: ಹೇಳಲಿ ಬಿಡು. ಸುಳ್ಳಲ್ಲ. ಅಕ್ಕಪಕ್ಕದವರು ಏನಂತಾರೋ ಅಂತ ಹೆದರಿದೆ. ಪ್ರಶಾಂತ, ಆ ಹುಡುಗನ ನಂಬರ್ ನಿನ್ನ ಹತ್ತಿರ ಇದ್ದರೆ ಕಳಿಸು. ಸುಷ್ಮಾ, ಮಕ್ಕಳನ್ನು ಬೇರೆ ಕೂರಿಸಿದ್ದು ತಪ್ಪೇ, ಅದರಲ್ಲಿ ನನ್ನ ಮಾತು ಬದಲಾಗಿಲ್ಲ. ರಾತ್ರಿ ಚಿರು ಕೈಗೆ ಫೋನ್ ಕೊಡು. ಅವನ ಹತ್ತಿರ ಮಾತಾಡಬೇಕು.