ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಸದಸ್ಯನಾದರೆ ನಿಜವಾಗಿ ಏನು ಸಿಗುತ್ತದೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಸಿವಿಲ್ ಡಿಪ್ಲೊಮಾ ಮುಗಿಸಿ, ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ. ಮಾಡಿ, ಈಗ ಒಬ್ಬ ಕಂಟ್ರಾಕ್ಟರ್ ಹತ್ತಿರ ಸೈಟ್ ಎಂಜಿನಿಯರ್ ಆಗಿದ್ದೇನೆ. ನಮ್ಮ ಆಫೀಸಿನ ಹಿರಿಯರೊಬ್ಬರ ಲೆಟರ್‌ಹೆಡ್‌ನಲ್ಲಿ ಹೆಸರಿನ ಪಕ್ಕ ಎಫ್‌ಐಇ (ಅಂದರೆ ಈ ಸಂಸ್ಥೆಯ ಫೆಲೋ), ಚಾರ್ಟರ್ಡ್ ಎಂಜಿನಿಯರ್ ಎಂದೆಲ್ಲ ಇದೆ. ನೀನೂ ಮೆಂಬರ್ ಆಗು ಎಂದು ಅವರು ಆಗಾಗ ಹೇಳುತ್ತಾರೆ. ಗೆಳೆಯರನ್ನು ಕೇಳಿದರೆ ಸುಮ್ನೆ ದುಡ್ಡು ದಂಡ ಅನ್ನುತ್ತಾರೆ.

ಡಾಕ್ಟರಿಗೆ ಮೆಡಿಕಲ್ ಕೌನ್ಸಿಲ್ ನೋಂದಣಿ ಇದ್ದ ಹಾಗೆ ನಮಗೆ ಇದಾ? ಇದು ಸರ್ಕಾರದ್ದಾ, ಖಾಸಗಿಯಾ? ಇನ್ನೊಂದು ವಿಷಯ. ನನ್ನ ತಮ್ಮ ಮೆಕ್ಯಾನಿಕಲ್ ಡಿಪ್ಲೊಮಾ ಕೊನೇ ಸೆಮಿಸ್ಟರ್‌ನಲ್ಲಿದ್ದಾನೆ. ಕೆಲಸಕ್ಕೆ ಸೇರಿಕೊಂಡು ಇದೇ ಸಂಸ್ಥೆ ನಡೆಸುವ ಎಎಂಐಇ ಪರೀಕ್ಷೆ ಕಟ್ಟುತ್ತೇನೆ ಅನ್ನುತ್ತಿದ್ದಾನೆ. ಅದು ಈಗಲೂ ಡಿಗ್ರಿಗೆ ಸಮವಾ? ಗೊತ್ತಿರುವವರು ಹೇಳಿ.

ತೂಗುಗುಂಡು:
ಮೊದಲು ಇದು ಹುಟ್ಟಿದ್ದು ಯಾಕೆ ಎಂದು ತಿಳಿದುಕೊಂಡರೆ ಉಳಿದದ್ದು ಸಲೀಸು. ರೂರ್ಕಿಯಲ್ಲಿ 1847ರಲ್ಲೇ ಎಂಜಿನಿಯರಿಂಗ್ ಕಾಲೇಜು ಶುರುವಾಗಿತ್ತು, ಆಮೇಲೆ ಗಿಂಡಿ, ಶಿಬ್‌ಪುರ, ಪುಣೆಯಿಂದಲೂ ಎಂಜಿನಿಯರುಗಳು ಬರುತ್ತಿದ್ದರು, ಆದರೆ ಅವರೆಲ್ಲರನ್ನೂ ಸೇರಿಸುವ ನಮ್ಮದೇ ಒಂದು ಸಂಸ್ಥೆ ಇರಲಿಲ್ಲ. ವೃತ್ತಿಯ ಮಾನ್ಯತೆ ಬೇಕೆಂದರೆ ಲಂಡನ್ ಕಡೆ ನೋಡಬೇಕಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಥಾಮಸ್ ಹಾಲೆಂಡ್ ಅಧ್ಯಕ್ಷತೆಯಲ್ಲಿ ಭಾರತೀಯ ಕೈಗಾರಿಕಾ ಆಯೋಗ ಕೂತಿತು. ಇಲ್ಲಿ ಕೈಗಾರಿಕೆ ಬೆಳೆಯಬೇಕಾದರೆ ಇಲ್ಲಿನ ಎಂಜಿನಿಯರುಗಳಿಗೆ ಒಂದು ಸಂಸ್ಥೆ ಬೇಕು ಎಂಬ ಮಾತು ಗಟ್ಟಿಯಾದದ್ದು ಆಗಲೇ. 1920ರಲ್ಲಿ ಮದ್ರಾಸಿನಲ್ಲಿ ನೋಂದಣಿ, 1921ರ ಫೆಬ್ರವರಿಯಲ್ಲಿ ಕಲ್ಕತ್ತಾದಲ್ಲಿ ವೈಸ್‌ರಾಯ್ ಚೆಲ್ಮ್ಸ್‌ಫರ್ಡ್ ಅವರಿಂದ ಉದ್ಘಾಟನೆ. ಹಾಲೆಂಡ್ ಅವರೇ ಮೊದಲ ಅಧ್ಯಕ್ಷರು. 1935ರಲ್ಲಿ ಐದನೇ ಜಾರ್ಜ್ ರಾಯಲ್ ಚಾರ್ಟರ್, ಅಂದರೆ ರಾಜರ ಸನ್ನದು, ಕೊಟ್ಟರು. ಚಾರ್ಟರ್ಡ್ ಎಂಜಿನಿಯರ್ ಎಂಬ ಬಿರುದಿನ ಬೇರು ಅದು. ಮುಖ್ಯ ಕಚೇರಿ ಈಗಲೂ ಕೋಲ್ಕತ್ತಾದ ಗೋಖಲೆ ರಸ್ತೆಯಲ್ಲಿದೆ.

ಸರ್ಕಾರದ ಇಲಾಖೆ ಅಲ್ಲ. ಸದಸ್ಯರೇ ನಡೆಸುವ ಸಂಸ್ಥೆ.

ಇದರ ಬಗ್ಗೆ ನನಗೆ ತುಂಬಾ ಹೆಮ್ಮೆ ಇರುವ ಸಂಗತಿ ಒಂದಿದೆ, ಯಾರೂ ಅದನ್ನು ಹೇಳುವುದೇ ಇಲ್ಲ. ನೀವು ದಿನಾ ಸೈಟಿನಲ್ಲಿ ಐಎಸ್ 456, ಐಎಸ್ 1786 ಎಂದು ಕಾಂಕ್ರೀಟ್, ಕಂಬಿಗಳ ಮಾನಕದ ಕೋಡ್ ನೋಡುತ್ತೀರಲ್ವಾ? ದೇಶಕ್ಕೆ ಒಂದು ಮಾನಕ ಸಂಸ್ಥೆ ಬೇಕು ಎಂದು ಅದರ ನಿಯಮಾವಳಿಯ ಮೊದಲ ಕರಡು ತಯಾರಿಸಿದ್ದು ಇದೇ ಇನ್‌ಸ್ಟಿಟ್ಯೂಷನ್. ಅದರ ಮೇಲೆ 1947ರ ಜನವರಿಯಲ್ಲಿ, ಸ್ವಾತಂತ್ರ್ಯ ಬರುವ ಮೊದಲೇ, ಐಎಸ್‌ಐ ಹುಟ್ಟಿತು. ಇವತ್ತಿನ ಬಿಐಎಸ್ ಅದರ ಮುಂದುವರಿಕೆ. ಸಿಮೆಂಟ್ ಚೀಲದ ಮೇಲಿನ ಐಎಸ್‌ಐ ಗುರುತು ನೋಡಿದಾಗ ಅದರ ಹಿಂದೆ ಈ ಹಿರಿಯರ ಕೆಲಸವೂ ಇದೆ ಎಂದು ತಿಳಿದುಕೊಳ್ಳಿ. ಸೆಪ್ಟೆಂಬರ್ 15, ಸರ್ ಎಂ.ವಿ. ಹುಟ್ಟಿದ ದಿನವನ್ನು ಎಂಜಿನಿಯರುಗಳ ದಿನ ಎಂದು 1968ರಿಂದ ಆಚರಿಸಿಕೊಂಡು ಬಂದಿರುವುದೂ ಇವರೇ.

ಲೇತ್‌ಮಷೀನ್:
ಬಿರುದು ಕೆಲಸಕ್ಕೆ ಬರುವುದು ಎಲ್ಲಿ ಎಂದು ನಾನು ಹೇಳುತ್ತೇನೆ. ನಾನು ಇರುವುದು ರಫ್ತು ಮಾಡುವ ಒಂದು ಚಿಕ್ಕ ಫ್ಯಾಕ್ಟರಿಯಲ್ಲಿ. ಇಪಿಸಿಜಿ ಎಂಬ ಸ್ಕೀಮ್‌ನಲ್ಲಿ ಸುಂಕ ಕಟ್ಟದೆ ಮಷೀನ್ ತರಿಸಬಹುದು, ಬದಲಿಗೆ ಉಳಿಸಿದ ಸುಂಕದ ಆರು ಪಟ್ಟು ರಫ್ತು ಮಾಡಿ ತೋರಿಸಬೇಕು. ಆ ಮಷೀನ್ ನಾವು ಮಾಡುವ ಮಾಲಿಗೆ ನಿಜವಾಗಿ ಬೇಕು ಎಂದು ಸ್ವತಂತ್ರ ಚಾರ್ಟರ್ಡ್ ಎಂಜಿನಿಯರ್ ಸರ್ಟಿಫಿಕೇಟ್ ಕೊಡಬೇಕು.

ನಮ್ಮಲ್ಲಿಗೆ ಬಂದವರು ಆಫೀಸಿನಲ್ಲಿ ಕೂತು ಸೀಲ್ ಒತ್ತಿ ಹೋಗಲಿಲ್ಲ. ಮಷೀನ್ ಹಿಂದೆ ಬಗ್ಗಿ ಟಾರ್ಚ್ ಹಾಕಿ ನೇಮ್‌ಪ್ಲೇಟ್ ಓದಿದರು, ಸೀರಿಯಲ್ ನಂಬರನ್ನು ಇನ್‌ವಾಯ್ಸ್ ಮತ್ತು ಕಸ್ಟಮ್ಸ್‌ನ ಆಮದು ಪತ್ರವಾದ ಬಿಲ್ ಆಫ್ ಎಂಟ್ರಿ ಜೊತೆ ಒಂದೊಂದೇ ಅಂಕಿ ತಾಳೆ ನೋಡಿದರು, ಯಾವ ಪಾರ್ಟ್ ಇದರಲ್ಲಿ ಆಗುತ್ತದೆ ಎಂದು ಆಪರೇಟರನ್ನೇ ಕೇಳಿದರು. ಹಳೇ ಮಷೀನ್ ಆಮದಿಗೂ ಇಂಥದ್ದೇ ಪರೀಕ್ಷೆ ಇದೆ. ಅವರ ಸಹಿ ತಪ್ಪಾದರೆ ಹೆಸರು ಹೋಗುವುದು ಅವರದ್ದೇ, ಆದ್ದರಿಂದ ಈ ಕೆಲಸಕ್ಕೆ ಅನುಭವ ಬೇಕೇ ಬೇಕು. ಸದಸ್ಯತ್ವ ಬಂದ ಮಾರನೇ ದಿನವೇ ಇದೆಲ್ಲ ಕೈಗೆ ಬರುತ್ತದೆ ಎಂದುಕೊಳ್ಳಬೇಡಿ.

ಸಂಜೆಪಾಳಿ:
ತಮ್ಮನ ಪ್ರಶ್ನೆಗೆ ನಾನು ಉತ್ತರ ಕೊಡಲೇಬೇಕು. ಇಲ್ಲಿ ಬಹಳ ಹುಡುಗರು ಹಳೇ ಮಾತು ನಂಬಿ ವರ್ಷಗಟ್ಟಲೆ ಕಳೆದುಕೊಳ್ಳುತ್ತಾರೆ.

2013ರ ಮೇ 31ರವರೆಗೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಎಎಂಐಇ ಡಿಗ್ರಿಗೆ ಸಮ ಎಂಬ ಕೇಂದ್ರದ ಮಾನ್ಯತೆ ಇದೆ. ಆಮೇಲೆ ಸೇರಿದವರಿಗೆ ಇಲ್ಲ. ಪರೀಕ್ಷೆ ಈಗಲೂ ಇದೆ ಎಂದು ಯಾರಾದರೂ ಹೇಳಿದರೆ, ಮಾನ್ಯತೆ ಬೇರೆ ವಿಷಯ ಎಂದು ಹೇಳಿ.

ನನ್ನದು ಹಳೇ ಬ್ಯಾಚ್. ಹಗಲು ಕೆಲಸ, ರಾತ್ರಿ ಓದು, ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಪರೀಕ್ಷೆ. ಸೆಕ್ಷನ್ ಎ ದಾಟಿದರೆ ಸೆಕ್ಷನ್ ಬಿ, ಕೊನೆಗೆ ಪ್ರಾಜೆಕ್ಟ್. ಪಾಠ ಹೇಳಲು ಯಾರೂ ಇಲ್ಲ, ಒಂದು ಪೇಪರ್‌ನಲ್ಲಿ ಸಿಕ್ಕಿಹಾಕಿಕೊಂಡರೆ ವರ್ಷಗಳೇ ಹೋಗುತ್ತಿದ್ದವು. ಆದರೂ ರೈಲ್ವೆ, ಲೋಕೋಪಯೋಗಿ, ವಿದ್ಯುತ್ ಮಂಡಳಿ, ದೊಡ್ಡ ಕಾರ್ಖಾನೆಗಳಲ್ಲಿ ಕಾಲೇಜಿಗೆ ಹೋಗಲು ಆಗದ ಎಷ್ಟೋ ಡ್ರಾಫ್ಟ್ಸ್‌ಮನ್, ಸೂಪರ್‌ವೈಸರ್‌ಗಳು ಇದೇ ದಾರಿಯಲ್ಲಿ ಎಂಜಿನಿಯರ್ ಆದರು. ಈ ಸಂಸ್ಥೆ ಮಾಡಿದ ದೊಡ್ಡ ಕೆಲಸ ಅದೇ ಎಂದು ನನ್ನ ಅಭಿಪ್ರಾಯ. ಬಡವರ ಮನೆಯ ಮಕ್ಕಳಿಗೆ ತೆರೆದಿದ್ದ ಆ ಬಾಗಿಲು ಮುಚ್ಚಿದ್ದಕ್ಕೆ ಇವತ್ತಿಗೂ ಬೇಜಾರಿದೆ.

ತಮ್ಮ ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದು ನಿಮ್ಮ ಹಾಗೆ ಬಿ.ಇ. ಎರಡನೇ ವರ್ಷಕ್ಕೆ ಸೇರಲಿ. ಕೆಲಸ ಬಿಡಲು ಆಗುವುದೇ ಇಲ್ಲ ಎಂದರೆ, ಉದ್ಯೋಗದಲ್ಲಿರುವವರಿಗೆ ತಾಂತ್ರಿಕ ಶಿಕ್ಷಣ ಪರಿಷತ್ತು ಎಐಸಿಟಿಇ ಅನುಮತಿ ಕೊಟ್ಟ ಬಿ.ಇ. ಕೋರ್ಸ್‌ಗಳು ಕೆಲವು ಕಾಲೇಜುಗಳಲ್ಲಿ ಇವೆ, ಅಲ್ಲಿ ವಿಚಾರಿಸಲಿ.

ಕಂಬತೊಲೆ:
ಮೆಡಿಕಲ್ ಕೌನ್ಸಿಲ್ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಟ್ಟಿಲ್ಲ. ಇಲ್ಲ, ಇದು ಹಾಗಲ್ಲ. ಚಾರ್ಟರ್ಡ್ ಅಕೌಂಟೆಂಟರಿಗೆ 1949ರ ಕಾಯ್ದೆ, ವಕೀಲರಿಗೆ 1961ರದ್ದು, ಆರ್ಕಿಟೆಕ್ಟರಿಗೆ 1972ರದ್ದು ಇದೆ. ಎಂಜಿನಿಯರುಗಳಿಗೆ ಅಂಥ ಕೇಂದ್ರ ಕಾಯ್ದೆ ಇಲ್ಲ. ಕರಡುಗಳು ಬಂದವು, ಹೋದವು. ಇನ್‌ಸ್ಟಿಟ್ಯೂಷನ್ ತನ್ನ ಸದಸ್ಯನನ್ನು ಹೊರಗೆ ಹಾಕಬಹುದು, ಆದರೆ ಅವನು ಮಾರನೇ ದಿನ ಡ್ರಾಯಿಂಗ್‌ಗೆ ಸಹಿ ಹಾಕುವುದನ್ನು ತಡೆಯಲು ಅದರ ಕೈಯಲ್ಲಿ ಆಗುವುದಿಲ್ಲ. ಕಟ್ಟಡದ ಪ್ಲಾನ್‌ಗೆ ಸಹಿ ಹಾಕಲು ಯಾರಿಗೆ ಲೈಸೆನ್ಸ್ ಎಂದು ಆಯಾ ನಗರಸಭೆ, ಪಾಲಿಕೆಗಳೇ ತೀರ್ಮಾನ ಮಾಡುತ್ತವೆ.

2001ರ ಭುಜ್ ಭೂಕಂಪ ನೆನಪಿರಬಹುದು. ಕೇಂದ್ರದಿಂದ 200 ಕಿ.ಮೀ.ಗೂ ಜಾಸ್ತಿ ದೂರದ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟುಗಳು ಕುಸಿದವು. ಅವುಗಳಲ್ಲಿ ಎಷ್ಟೋ ಕಟ್ಟಡಗಳ ನೆಲಮಹಡಿ ಪಾರ್ಕಿಂಗ್‌ಗೆಂದು ಗೋಡೆ ಇಲ್ಲದೆ ಬರೀ ಕಂಬಗಳ ಮೇಲೆ ನಿಂತಿತ್ತು. ಡಿಸೈನ್ ಮಾಡಿದವನು ಯಾರಿಗೆ ಉತ್ತರ ಕೊಡಬೇಕು? ಈ ಪ್ರಶ್ನೆಗೆ ಕಾಯ್ದೆ ಮಾತ್ರ ಉತ್ತರ ಕೊಡಬಲ್ಲದು. ಅದಕ್ಕಾಗಿ ಒತ್ತಾಯ ಮಾಡುವಷ್ಟು ದೊಡ್ಡ ಧ್ವನಿ ಇರುವುದು ಇಂಥ ಸಂಸ್ಥೆಗೇ. ಅದಕ್ಕೇ ನಿಮ್ಮ ವಯಸ್ಸಿನವರು ಸೇರಬೇಕು ಎನ್ನುತ್ತೇನೆ, ಕಾರ್ಡಿಗಾಗಿ ಅಲ್ಲ.

ತುಂಗಾತೀರ:
ತುಂಬಾ ಥ್ಯಾಂಕ್ಸ್. ತಮ್ಮನಿಗೆ 2013ರ ವಿಷಯ ಈಗಲೇ ಫೋನ್ ಮಾಡಿ ಹೇಳಿದೆ, ಡಿಸಿಇಟಿಗೆ ಅರ್ಜಿ ಹಾಕುತ್ತಾನೆ. ನಾನು ಬಿ.ಇ. ಮೇಲೆ ಸೇರಿದರೆ ನೇರ ಫೆಲೋ ಆಗಲು ಆಗುವುದಿಲ್ಲ ಅಲ್ವಾ?

ತೂಗುಗುಂಡು:
ಆಗುವುದಿಲ್ಲ. ಡಿಗ್ರಿ ಇರುವುದರಿಂದ ಅಸೋಸಿಯೇಟ್ ಮೆಂಬರ್ ಆಗಿ ಶುರು ಮಾಡಿ. ಅನುಭವ, ಜವಾಬ್ದಾರಿ ಹೆಚ್ಚಿದ ಹಾಗೆ ಮೆಂಬರ್, ಆಮೇಲೆ ಫೆಲೋ. ಹಣ ಕಟ್ಟುವ ಮುಂಚೆ ಬೆಂಗಳೂರಿನ ಅಂಬೇಡ್ಕರ್ ವೀಧಿಯ ರಾಜ್ಯ ಕೇಂದ್ರಕ್ಕೋ ನಿಮ್ಮ ಹತ್ತಿರದ ಸ್ಥಳೀಯ ಕೇಂದ್ರಕ್ಕೋ ಹೋಗಿ ಒಂದು ಉಪನ್ಯಾಸ ಕೇಳಿ. ಮುಗಿದ ಮೇಲೆ ಹಿರಿಯರು ಕಾಫಿ ಹಿಡಿದು ನಿಂತಿರುತ್ತಾರೆ, ನಿಮ್ಮ ಸೈಟಿನ ಯಾವುದಾದರೂ ತೊಂದರೆ ಹೇಳಿ ನೋಡಿ. ಪೇಪರ್ ತೆಗೆದು ಸ್ಕೆಚ್ ಹಾಕಿಕೊಡುವವರು ಇದ್ದಾರೆ.